ಲೆಕ್ಕದ ಹಾಳೆಗೆ ನಾಲ್ಕು ಕಾಲಂ ಸಾಕು

"ಲೆಕ್ಕ ಬರೆದರೆ ಕೃಷಿ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ."

ನಮ್ಮ ಕಡೆ ಈ ಮಾತು ಕೇಳದ ಕೃಷಿಕ ಇರಲಿಕ್ಕಿಲ್ಲ. ಮದುವೆ ಮನೆಯ ಚಪ್ಪರದಡಿ, ಸೊಸೈಟಿಯ ಜಗಲಿಯಲ್ಲಿ, ಅಡಿಕೆ ಅಂಗಡಿಯ ತಕ್ಕಡಿಯ ಪಕ್ಕ, ಎಲ್ಲಿ ಹೋದರೂ ಒಬ್ಬರಾದರೂ ಹೇಳ್ತಾರೆ, ಉಳಿದವರು ನಗ್ತಾರೆ. ಮೂವತ್ತು ವರ್ಷ ನಾನೂ ಹೇಳಿದವನೇ, ನಕ್ಕವನೇ. ಈಗ ನನಗೆ ಈ ಮಾತಿನ ಮೇಲೆ ಸ್ವಲ್ಪ ಸಿಟ್ಟುಂಟು. ಯಾಕೆ ಅಂತ ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ, ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಗೂಗಲ್ ಶೀಟ್ಸ್ ಎಂಬ ಲೆಕ್ಕದ ಹಾಳೆಯನ್ನು ನನ್ನಂಥ ಅರುವತ್ತರ ಹತ್ತಿರದ ಒಬ್ಬ ಕೃಷಿಕ ಹೇಗೆ ಸುರು ಮಾಡಿಕೊಂಡ, ಎಲ್ಲೆಲ್ಲಿ ಎಡವಿದ ಎನ್ನುವುದನ್ನೂ ಹೇಳುತ್ತೇನೆ. ಎಡವಿದ್ದೇ ಹೆಚ್ಚು. ಹಾಗಾಗಿ ಅದಕ್ಕೇ ಜಾಗ ಹೆಚ್ಚು ಹೋದೀತು.

2023ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿರುವ ಮಗ ಒಂದು ರಾತ್ರಿ ಫೋನ್ ಮಾಡಿದ. ಅದೂ ಇದೂ ಮಾತಾಡಿ ಕೊನೆಗೆ, "ಅಪ್ಪಾ, ತೋಟದಿಂದ ವರ್ಷಕ್ಕೆ ಕೈಯಲ್ಲಿ ಎಷ್ಟು ಉಳಿಯುತ್ತದೆ?" ಅಂತ ಕೇಳಿದ. ಅವನಿಗೆ ಊರಿಗೆ ಬರುವ ಮನಸ್ಸಿದೆ ಎಂದು ನನಗೆ ಗೊತ್ತಿತ್ತು. ಕೇಳಿದ್ದು ಅದಕ್ಕೇ. "ಮೂರು ಲಕ್ಷಕ್ಕೆ ತೊಂದರೆ ಇಲ್ಲ" ಅಂದೆ. ಫೋನ್ ಇಟ್ಟ ಮೇಲೆ ಮನೆಯವಳು ಕೇಳಿದಳು, "ಮೂರು ಅಂತ ಎಲ್ಲಿಂದ ಹೇಳಿದಿರಿ?"

ಎಲ್ಲಿಂದ? ಬಾಯಿಂದ.

ನಮ್ಮಲ್ಲಿ ಪುಸ್ತಕ ಇರಲಿಲ್ಲವೆಂದಲ್ಲ. ತಂದೆಯವರ ಕಾಲದಿಂದಲೂ ದಿನವಹಿ ಉಂಟು. ಅವರು ಉದ್ದ ಪುಸ್ತಕದಲ್ಲಿ ಮಸಿ ಪೆನ್ನಿನಿಂದ ಬರೆಯುತ್ತಿದ್ದರು. ನಾನು ಡೈರಿಯಲ್ಲಿ ಬರೆಯುತ್ತೇನೆ. ಯಾರಿಗೆ ಎಷ್ಟು ಸಂಬಳ ಕೊಟ್ಟದ್ದು, ಮೈಲುತುತ್ತು ಎಷ್ಟು ಕಿಲೋ ತಂದದ್ದು, ಎಲ್ಲಾ ಉಂಟು. ಆದರೆ "ಕಳೆದ ವರ್ಷ ಮದ್ದು ಬಿಡಲಿಕ್ಕೆ ಒಟ್ಟು ಎಷ್ಟಾಯಿತು?" ಎಂದು ಕೇಳಿದರೆ ಡೈರಿ ಉತ್ತರ ಕೊಡುವುದಿಲ್ಲ. 365 ಪುಟ ಮಗುಚಬೇಕು, ಹೆಕ್ಕಬೇಕು, ಕೂಡಿಸಬೇಕು. ಯಾರೂ ಮಾಡುವುದಿಲ್ಲ. ಡೈರಿ ನೆನಪಿಟ್ಟುಕೊಳ್ಳುತ್ತದೆ, ಆದರೆ ಕೇಳಿದ್ದಕ್ಕೆ ಮಾತಾಡುವುದಿಲ್ಲ. ನನ್ನ ಪ್ರಕಾರ ಡೈರಿಗೂ ಈ ಹಾಳೆಗೂ ಇರುವ ದೊಡ್ಡ ವ್ಯತ್ಯಾಸ ಅದೇ.

ಈ ಹಾಳೆ ಹುಟ್ಟಿದ ಕತೆಯೂ ಅದೇ. ಅಮೆರಿಕದಲ್ಲಿ ಡಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ವ್ಯಾಪಾರದ ಕಾಲೇಜಿನಲ್ಲಿ ಕಲಿಯುವಾಗ, ಕರಿಹಲಗೆಯ ಮೇಲೆ ಲೆಕ್ಕದ ಪಟ್ಟಿ ಬರೆದು ಪಾಠ ಮಾಡುವ ಕ್ರಮ. ಒಂದು ಅಂಕಿ ತಪ್ಪಿದರೆ ಅದರ ಕೆಳಗಿನದ್ದನ್ನೆಲ್ಲ ಒರಸಿ ಪುನಃ ಬರೆಯಬೇಕು. ಒಂದು ಅಂಕಿ ಬದಲಿಸಿದರೆ ಉಳಿದವು ತಾವಾಗಿಯೇ ಬದಲಾಗುವ ಹಲಗೆ ಇದ್ದರೆ ಎಷ್ಟು ಚೆನ್ನ ಎಂದು ಅವನಿಗೆ ಅನಿಸಿತು. ಬಾಬ್ ಫ್ರಾಂಕ್‌ಸ್ಟನ್ ಎಂಬ ಜೊತೆಗಾರನೊಂದಿಗೆ ಸೇರಿ ಮಾಡಿದ 'ವಿಸಿಕ್ಯಾಲ್ಕ್' 1979ರಲ್ಲಿ ಹೊರಬಂತು. ಆಮೇಲೆ ಎಕ್ಸೆಲ್ ಇತ್ಯಾದಿ ಬಂದವು. ಗೂಗಲ್‌ನವರು 2006ರಲ್ಲಿ ಇಂಟರ್‌ನೆಟ್ಟಿನಲ್ಲೇ ಬರೆಯುವ ಪುಕ್ಕಟೆ ಹಾಳೆ ತಂದರು. ನಮ್ಮ ಕೈಗೆ ಬಂದದ್ದು ಮೊಬೈಲ್ ಬಂದ ಮೇಲೆ.

ಮಗನ ಫೋನ್ ಬಂದ ವಾರವೇ ಸುರು ಮಾಡಿದೆ. ಆಂಡ್ರಾಯ್ಡ್ ಮೊಬೈಲ್ ಇದ್ದವರಲ್ಲಿ ಹೆಚ್ಚಿನವರಿಗೆ ಜಿಮೇಲ್ ಖಾತೆ ಆಗಲೇ ಇರುತ್ತದೆ. ಮೊಬೈಲ್ ತೆಗೆದ ದಿನ ಅಂಗಡಿಯವರೋ ಮಕ್ಕಳೋ ಮಾಡಿಕೊಟ್ಟಿರುತ್ತಾರೆ. ಪ್ಲೇಸ್ಟೋರಿನಿಂದ ಗೂಗಲ್ ಶೀಟ್ಸ್ ಇಳಿಸಿಕೊಂಡರೆ ಆಯಿತು, ದುಡ್ಡಿಲ್ಲ. ತೆರೆದಾಗ ಮೂಲೆಯಲ್ಲಿ ಕೂಡಿಸುವ ಚಿಹ್ನೆ ಕಾಣುತ್ತದೆ. ಅದನ್ನು ಒತ್ತಿದರೆ ಖಾಲಿ ಹಾಳೆ. ಅಡ್ಡಕ್ಕೆ ಎ, ಬಿ, ಸಿ, ಡಿ, ನೀಟಕ್ಕೆ 1, 2, 3. ಚದುರಂಗದ ಮಣೆಯ ಹಾಗೆ ಪ್ರತಿ ಚೌಕಕ್ಕೂ ಒಂದು ಹೆಸರು. ಇಷ್ಟು ಗೊತ್ತಾದರೆ ಮುಕ್ಕಾಲು ಗೊತ್ತಾದ ಹಾಗೆ.

ನಾನು ಮೊದಲು ಮಾಡಿದ ತಪ್ಪು, ಒಂದೇ ದಿನ ಹದಿನೇಳು ಕಾಲಂ ಬರೆದದ್ದು. ತಾರೀಕು, ಆಳಿನ ಹೆಸರು, ಕೆಲಸ, ಗಂಟೆ, ಸಂಬಳ, ಊಟ, ಚಾ, ಗೊಬ್ಬರದ ಬ್ರಾಂಡು, ಬಿಲ್ ನಂಬ್ರ... ಒಂಬತ್ತನೇ ದಿನಕ್ಕೆ ಬಿಟ್ಟೆ. ಹದಿನೇಳು ಕಾಲಂ ತುಂಬಿಸಿ ಉಳಿದ ಹೊತ್ತಿನಲ್ಲಿ ತೋಟ ಮಾಡಬೇಕಾದ ಅವಸ್ಥೆ. ಎರಡನೇ ಸಲ ನಾಲ್ಕೇ ಕಾಲಂ: ತಾರೀಕು, ಯಾವ ತುಂಡು, ಯಾವ ಬಾಬ್ತು, ಎಷ್ಟು ರೂಪಾಯಿ. ಇವತ್ತಿಗೂ ಖರ್ಚಿನ ಹಾಳೆಯಲ್ಲಿ ಇಷ್ಟೇ ಇರುವುದು. ಹೆಚ್ಚಿನ ವಿವರ ಬೇಕಾದರೆ ಡೈರಿ ಉಂಟಲ್ಲ.

ಇದರಲ್ಲಿ ಎರಡನೆಯದ್ದು, 'ಯಾವ ತುಂಡು' ಎನ್ನುವುದು, ದಯವಿಟ್ಟು ಬಿಡಬೇಡಿ. ನಮ್ಮ ಡೈರಿಗಳಲ್ಲಿ ಇರುವುದು 'ತೋಟಕ್ಕೆ ಗೊಬ್ಬರ' ಅಂತ. ತೋಟ ಅಂದರೆ ಎಲ್ಲಾ ಒಂದೇ ಎಂದು ನಾವು ತಿಳಿದುಕೊಂಡಿದ್ದೇವೆ. ಒಂದೇ ಅಲ್ಲ. ಅದು ಮುಂದೆ ಬರ್ತದೆ.

ಹಾಳೆಯ ಅಡಿಭಾಗದಲ್ಲಿ ಇನ್ನೊಂದು ಹಾಳೆ ಸೇರಿಸಲಿಕ್ಕಾಗುತ್ತದೆ, ಪುಸ್ತಕದಲ್ಲಿ ಪುಟ ಇದ್ದ ಹಾಗೆ. ನನ್ನಲ್ಲಿ ಈಗ ಖರ್ಚು, ಆದಾಯ, ನಮ್ಮ ಕೆಲಸ, ಮೊತ್ತ ಎಂದು ನಾಲ್ಕು ಉಂಟು. ವರ್ಷವನ್ನು ಏಪ್ರಿಲಿನಿಂದ ಸುರು ಮಾಡಬೇಕೆಂದು ಕೆಲವರು ಹೇಳಿದರು. ನಾನು ಪತ್ತನಾಜೆಯಿಂದ ಪತ್ತನಾಜೆಗೆ ಲೆಕ್ಕ ಇಡುತ್ತೇನೆ. ಮೇ ಕೊನೆಯ ಹೊತ್ತಿಗೆ ಕೊಯ್ಲು ಮುಗಿದು, ಅಂಗಳ ಖಾಲಿಯಾಗಿ, ಮದ್ದಿನ ತಯಾರಿ ಸುರುವಾಗುವ ಸಮಯ. ತೋಟಕ್ಕೆ ಅದೇ ಹೊಸವರ್ಷ. ಮಾರದೆ ಅಟ್ಟದಲ್ಲಿ ಉಳಿದ ಚಾಲಿಯನ್ನು ಆದಾಯ ಎಂದು ಬರೆಯಬಾರದು. ದಾಸ್ತಾನು ಎಂದು ಬದಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಒಂದೇ ಅಡಿಕೆಯನ್ನು ಎರಡು ವರ್ಷ ಮಾರಿದಂತೆ ಆಗ್ತದೆ.

ಎಡವಿದ ಜಾಗಗಳು

ಇಲ್ಲಿ ಸ್ವಲ್ಪ ನಿಧಾನ ಹೋಗುವಾ. ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಮಕ್ಕಳು ಬೆರಳು ಆಡಿಸಿ ಮಾಡಿಕೊಟ್ಟು ಹೋಗ್ತಾರೆ, ಅವರು ಬಸ್ಸು ಹತ್ತಿದ ಮೇಲೆ ನಮಗೆ ತೊಂದರೆ ಸುರು.

ಒಂದು. ಮೊತ್ತದ ಕಾಲಮಿನಲ್ಲಿ ನಾನು '450 ರೂ.' ಎಂದು ಬರೆಯುತ್ತಿದ್ದೆ, ಡೈರಿಯಲ್ಲಿ ಬರೆದು ಅಭ್ಯಾಸ. ತಿಂಗಳ ಕೊನೆಗೆ ಕೂಡಿಸಿದರೆ ಮೊತ್ತ ತೀರಾ ಕಡಿಮೆ. ಪರವಾಗಿಲ್ಲ, ಖರ್ಚು ಕಡಿಮೆ ಆಗಿದೆ ಎಂದು ಖುಷಿಪಟ್ಟೆ ಬೇರೆ! 'ರೂ.' ಎಂದು ಸೇರಿಸಿದರೆ ಯಂತ್ರಕ್ಕೆ ಅದು ಅಂಕಿ ಅಲ್ಲ, ಅಕ್ಷರ. ಕೂಡಿಸುವಾಗ ಸುಮ್ಮನೆ ಬಿಟ್ಟುಬಿಡುತ್ತದೆ, ತಪ್ಪಾಗಿದೆ ಎಂದೂ ಹೇಳುವುದಿಲ್ಲ. ಬರೀ 450 ಎಂದು ಬರೆಯಬೇಕು, ಅದೂ ಇಂಗ್ಲಿಷ್ ಅಂಕಿಯಲ್ಲಿ. ಒಂದು ಗುರುತು ಹೇಳುತ್ತೇನೆ. ಅಂಕಿ ಎಂದು ಒಪ್ಪಿಕೊಂಡದ್ದನ್ನು ಹಾಳೆ ಚೌಕದ ಬಲಕ್ಕೆ ಸರಿಸುತ್ತದೆ, ಅಕ್ಷರವನ್ನು ಎಡಕ್ಕೆ. ಮೊತ್ತದ ಕಾಲಮಿನಲ್ಲಿ ಏನಾದರೂ ಎಡಕ್ಕೆ ನಿಂತಿದ್ದರೆ ಅಲ್ಲಿ ಸಂಶಯ ಇರಲಿ.

ಎರಡು, ತಾರೀಕು. ಹಾಳೆ ಅಮೆರಿಕದ ಕ್ರಮದಲ್ಲಿ ಇದ್ದರೆ ತಿಂಗಳು ಮೊದಲು, ದಿನ ಆಮೇಲೆ. ನಾನು ಜೂನ್ 5 ಎಂದು 5/6 ಬರೆದರೆ ಅದು ಮೇ 6 ಎಂದು ತಿಳಿಯಿತು. 12ರ ನಂತರದ ದಿನಗಳನ್ನು ತಾರೀಕು ಎಂದೇ ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಹಾಳೆ ತೆರೆದು, ಫೈಲ್ ಎಂಬಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ದೇಶವನ್ನು ಇಂಡಿಯಾ ಎಂದು ಬದಲಿಸಬೇಕು. ಒಮ್ಮೆ ಮಾಡಿದರೆ ಆಯಿತು. ಇದನ್ನು ಒಂದು ಸಾಲು ಬರೆಯುವ ಮೊದಲೇ ಮಾಡಿಸಿ. ಆಮೇಲೆ ತಿದ್ದುವುದು ರಗಳೆ.

ಮೂರನೆಯದ್ದು ಕನ್ನಡಿಗರಿಗೇ ಇರುವ ಕಷ್ಟ. ಒಂದು ದಿನ 'ಬೋರ್ಡೋ', ಇನ್ನೊಂದು ದಿನ 'ಬೋರ್ಡೊ', ಮತ್ತೊಂದು ದಿನ 'ಮದ್ದು', ಮನೆಯವಳು ಬರೆದ ದಿನ 'ತುತ್ತುಸುಣ್ಣ'. ನಮಗೆ ಎಲ್ಲ ಒಂದೇ. ಯಂತ್ರಕ್ಕೆ ನಾಲ್ಕು ಬೇರೆ ಬೇರೆ. ಶಾಲೆಯಲ್ಲಿ ಹ್ರಸ್ವ-ದೀರ್ಘಕ್ಕೆ ಪೆಟ್ಟು ತಿಂದದ್ದು ಈಗ ಉಪಯೋಗಕ್ಕೆ ಬಂತು. ಕೊನೆಗೆ ಒಂಬತ್ತು ಶಬ್ದ ನಿಗದಿ ಮಾಡಿ, ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆವು: ಮದ್ದು, ಗೊಬ್ಬರ, ಕಳೆ, ಕಣಿ, ನೀರು, ಕೊಯ್ಲು, ಸುಲಿತ, ಸಾಗಾಟ, ಇತರ. ಇದಲ್ಲದೆ ಬೇರೆ ಶಬ್ದ ಬರೆಯಲಿಕ್ಕಿಲ್ಲ. ಬರೆಯುವ ಬದಲು ಪಟ್ಟಿಯಿಂದ ಆರಿಸಿಕೊಳ್ಳುವ ಹಾಗೆಯೂ ಮಾಡಬಹುದು, ಮಗ ಆಮೇಲೆ ಮಾಡಿಕೊಟ್ಟ. ಚೀಟಿ ಈಗಲೂ ಅಲ್ಲೇ ಉಂಟು.

ನಾಲ್ಕನೆಯದ್ದು, ಕೂಡಿಸುವ ಜಾಗ. ಡೈರಿಯಲ್ಲಿ ಕೂಡಿಸಿದ ಮೊತ್ತ ಅಡಿಯಲ್ಲಿ ಬರೆಯುವುದು ಕ್ರಮ. ನಾನೂ ಡಿ ಕಾಲಮಿನ ಅಡಿಯಲ್ಲಿ ಮೊತ್ತ ಹಾಕಿದೆ. ಮರುದಿನದ ಖರ್ಚನ್ನು ಅದರ ಕೆಳಗೆ ಬರೆದೆ. ಮುಂದಿನ ತಿಂಗಳು ಎಲ್ಲ ಕೂಡಿಸುವಾಗ ಹಿಂದಿನ ಮೊತ್ತವೂ ಸೇರಿ ಖರ್ಚು ದುಪ್ಪಟ್ಟು. ಮೊತ್ತಕ್ಕೆ ಬೇರೆಯೇ ಹಾಳೆ ಇರಲಿ. ಅಲ್ಲಿ ಒಂದು ಚೌಕದಲ್ಲಿ ಸಮ ಚಿಹ್ನೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ 'ಸಮ್' ಎಂದು ಬರೆದು, ಕಂಸ ತೆರೆದು, ಖರ್ಚಿನ ಹಾಳೆಗೆ ಹೋಗಿ ಡಿ ಕಾಲಮಿನ ತಲೆಯನ್ನು ಒತ್ತಿ, ಕಂಸ ಮುಚ್ಚಿ. ಇಡೀ ಕಾಲಂ ಕೂಡಿಸಿ ಕೊಡುತ್ತದೆ. ನಾಳೆ ಹೊಸ ಸಾಲು ಬರೆದರೆ ಮೊತ್ತ ತಾನೇ ಬದಲಾಗುತ್ತದೆ.

ಒಂದೇ ಬಾಬ್ತಿನ ಮೊತ್ತ ಬೇಕಾದರೆ 'ಸಮ್‌ಇಫ್'. ಅದಕ್ಕೆ ಮೂರು ಸಂಗತಿ ಹೇಳಬೇಕು: ಯಾವ ಕಾಲಮಿನಲ್ಲಿ ಹುಡುಕುವುದು, ಯಾವ ಶಬ್ದ ಹುಡುಕುವುದು, ಸಿಕ್ಕಿದಲ್ಲಿ ಯಾವ ಕಾಲಂ ಕೂಡಿಸುವುದು. ಶಬ್ದವನ್ನು ಉದ್ಧರಣ ಚಿಹ್ನೆಯೊಳಗೆ ಕನ್ನಡದಲ್ಲೇ ಬರೆಯಬಹುದು, ನಡುವೆ ಅಲ್ಪವಿರಾಮ. ಕೆಳಗಿನ ತುಂಡಿನ ಕಣಿಗೆ ಮಾತ್ರ ಎಷ್ಟಾಯಿತು ಎಂದು ಎರಡು ಶರ್ತ ಹಾಕಬೇಕಾದರೆ 'ಸಮ್‌ಇಫ್ಸ್', ಒಂದು ಎಸ್ ಹೆಚ್ಚು. ಆದರೆ ಅದರಲ್ಲಿ ಕೂಡಿಸಬೇಕಾದ ಕಾಲಂ ಕೊನೆಗಲ್ಲ, ಮೊದಲು ಬರಬೇಕು. ಯಾಕೆ ಹಾಗೆ ಉಲ್ಟಾ ಮಾಡಿದರೋ ಮಾಡಿದವರೇ ಹೇಳಬೇಕು. ನನ್ನ ಎರಡು ಸಂಜೆ ಅದರಲ್ಲೇ ಹೋಯಿತು. ಇಷ್ಟು ಸೂತ್ರ ಬಿಟ್ಟರೆ ಬೇರೆ ಯಾವುದನ್ನೂ ನಾನು ಕಲಿಯಲಿಲ್ಲ. ಬೇಕಾಗಲೂ ಇಲ್ಲ.

ಬೆರಳಿನಲ್ಲಿ ಬರೆಯಲಿಕ್ಕೆ ಉದಾಸೀನವಾದರೆ ಕೀಬೋರ್ಡಿನ ಮೈಕಿನ ಚಿತ್ರ ಒತ್ತಿ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ. ನಮ್ಮ ಉಚ್ಚಾರಕ್ಕೆ 'ಕಣಿ' ಎಂದದ್ದು ಒಮ್ಮೊಮ್ಮೆ 'ಗಣಿ' ಆಗ್ತದೆ, ನೋಡಿಕೊಳ್ಳಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲ ಎನ್ನುವವರಿಗೆ, ಹಾಳೆಯನ್ನು 'ಆಫ್‌ಲೈನ್' ಎಂದು ಗುರುತು ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದೆಯೂ ಬರೆಯಬಹುದು, ಸಿಕ್ಕಿದಾಗ ತಾನೇ ಮೇಲೆ ಹೋಗುತ್ತದೆ. ನಾನಂತೂ ತೋಟದಲ್ಲಿ ಬರೆಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಡೈರಿ ನೋಡಿ ಬರೆಯುತ್ತೇನೆ, ಐದು ನಿಮಿಷ.

ಹಾಳೆ ಹೇಳಿದ್ದು

ಒಂದು ವರ್ಷ ತುಂಬಿದ್ದು 2024ರ ಪತ್ತನಾಜೆಗೆ. ನಮ್ಮದು ಎರಡು ತುಂಡು. ಮೇಲಿನ ತೋಟ ಎರಡೆಕ್ರೆ, ಅಜ್ಜನ ಕಾಲದ್ದು. ಕೆಳಗೆ 70 ಸೆಂಟ್ಸ್ ಗದ್ದೆ ಇದ್ದದ್ದನ್ನು ತಂದೆಯವರು ಅಡಿಕೆ ಮಾಡಿದ್ದು. ಒಟ್ಟು ಆದಾಯ, ಕಾಳುಮೆಣಸು-ಕೊಕ್ಕೋ ಸೇರಿ 5,10,000. ಖರ್ಚು 2,72,000. ಉಳಿದದ್ದು 2,38,000. ಮೂರು ಲಕ್ಷ ಅಲ್ಲ. ಆದರೂ ತೀರಾ ಬೇಸರ ಆಗಲಿಲ್ಲ.

ಬೇಸರ ಆದದ್ದು ತುಂಡು ತುಂಡಾಗಿ ನೋಡಿದಾಗ. ಕೆಳಗಿನ 70 ಸೆಂಟ್ಸಿಗೆ ಖರ್ಚು 61,400. ಆದಾಯ 57,250. ಅಂದರೆ 4,150 ರೂಪಾಯಿ ಕೈಯಿಂದ ಹೋದದ್ದು. ಆ 61,400ರಲ್ಲಿ ಕಣಿ ಬಿಡಿಸಲಿಕ್ಕೆ ಮಾತ್ರ 19,600! ಗೊಬ್ಬರ 14,800, ಕೊಯ್ಲು-ಸುಲಿತ 12,300, ಮದ್ದು 11,200, ಇತರ 3,500. ಗದ್ದೆಯ ಜಾಗ, ನೀರು ನಿಲ್ಲುತ್ತದೆ, ಪ್ರತಿ ವರ್ಷ ಕಣಿಯ ಮಣ್ಣು ಎತ್ತಲೇಬೇಕು. ಎತ್ತದಿದ್ದರೆ ಮರ ಉಳಿಯುವುದಿಲ್ಲ. ತಂದೆಯವರ ಕಾಲದಲ್ಲಿ ಮನೆಯ ಜನವೇ ಎತ್ತುತ್ತಿದ್ದರು, ಈಗ ಸಂಬಳಕ್ಕೆ ಜನ ಮಾಡಿ ಎತ್ತಿಸಬೇಕು. ಮೇಲಿನ ತೋಟ ದುಡಿದದ್ದನ್ನು ಕೆಳಗಿನದ್ದು ತಿನ್ನುತ್ತಾ ಇತ್ತು. ಎಷ್ಟು ವರ್ಷದಿಂದ ಎಂದು ಡೈರಿಗೆ ಗೊತ್ತು, ಅದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನೊಂದು ಹಾಳೆ, 'ನಮ್ಮ ಕೆಲಸ'. ಇದನ್ನು ಸುರು ಮಾಡಿದ್ದು ನಾನಲ್ಲ, ಮನೆಯವಳು. "ಆಳುಗಳ ಸಂಬಳ ಬರೆಯುತ್ತೀರಿ, ನಾವಿಬ್ಬರು ಏನು ಮಣ್ಣು ಹೊತ್ತದ್ದು ಲೆಕ್ಕಕ್ಕಿಲ್ಲವಾ?" ಎಂದಳು. ಗಂಟೆ ಬರೆಯುವುದು ಕಷ್ಟ, ಹಾಗಾಗಿ ಅರ್ಧ ದಿನದ ಲೆಕ್ಕ ಮಾಡಿದೆವು. ವರ್ಷದ ಕೊನೆಗೆ ನನ್ನದು 236 ಅರ್ಧ ದಿನ. ಅವಳದ್ದು 301. ನನಗೆ ನಂಬಿಕೆ ಬರಲಿಲ್ಲ, ಪುನಃ ಎಣಿಸಿದೆ. ಬಿದ್ದ ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಹರಡುವುದು, ಮಗುಚುವುದು, ಮೋಡ ಕಂಡರೆ ಓಡಿ ರಾಶಿ ಮಾಡುವುದು, ಪಟೋರ-ಕರಿಗೋಟು ಬೇರೆ ಮಾಡುವುದು. ಎಲ್ಲಾ ಅವಳದ್ದೇ. ಹಟ್ಟಿಯ ಕೆಲಸ ಇದರಲ್ಲಿ ಸೇರಿಲ್ಲ.

ಅರ್ಧ ದಿನಕ್ಕೆ ನನಗೆ 300 ರೂಪಾಯಿ, ಅವಳಿಗೆ 200 ಎಂದು ಹಾಕಿದೆ. ಊರಿನಲ್ಲಿ ಗಂಡಾಳಿಗೆ, ಹೆಣ್ಣಾಳಿಗೆ ನಾವು ಕೊಡುವ ಕ್ರಮ ನೋಡಿಯೇ ಹಾಕಿದ್ದು. ನನ್ನದು 70,800, ಅವಳದ್ದು 60,200. ಕಳೆದರೆ ತೋಟದಲ್ಲಿ ನಿಜವಾಗಿ ಉಳಿದದ್ದು 1,07,000. ಅವಳು ಹಾಳೆ ನೋಡಿದಳು. "ನನ್ನ ಅರ್ಧ ದಿನ ನಿಮ್ಮ ಅರ್ಧ ದಿನಕ್ಕಿಂತ ಸಣ್ಣದಾ?" ಎಂದಳು.

ಉತ್ತರ ಇರಲಿಲ್ಲ. ದರ ಬರೆದ ಚೌಕ ಒಂದೇ. ಅದರಲ್ಲಿ 200 ಅಳಿಸಿ 300 ಬರೆದೆ. ಅಷ್ಟೇ ಮಾಡಿದ್ದು. 60,200 ಇದ್ದದ್ದು 90,300 ಆಯಿತು, 1,07,000 ಇದ್ದದ್ದು 76,900ಕ್ಕೆ ಇಳಿಯಿತು. ಬ್ರಿಕ್ಲಿನ್‌ಗೆ ಕರಿಹಲಗೆಯಲ್ಲಿ ಬೇಕಾಗಿದ್ದದ್ದು ಇದೇ ಇರಬೇಕು. ಆಳುಗಳಿಗೆ ಕೊಡುವ ದರದ ವಿಷಯ ಇನ್ನೂ ಮಾತಾಡುತ್ತಿದ್ದೇವೆ. ಅದು ಒಬ್ಬರು ತೀರ್ಮಾನ ಮಾಡುವ ಸಂಗತಿ ಅಲ್ಲ, ಆದರೆ ಹಾಳೆ ನೋಡಿದ ಮೇಲೆ ಸುಮ್ಮನೆ ಕೂರಲಿಕ್ಕೂ ಆಗುವುದಿಲ್ಲ.

ಈಗ ಮೊದಲಿನ ಮಾತಿಗೆ ಬರುವಾ. ಲೆಕ್ಕ ಬರೆದರೆ ಕೃಷಿ ಮಾಡಲಿಕ್ಕಾಗ್ಲಿಕ್ಕಿಲ್ಲ ಎನ್ನುವುದು. ಈ ಮಾತಿನೊಳಗೆ ಒಂದು ಭಯ ಉಂಟು. ನಷ್ಟ ಕಂಡರೆ ಏನು ಮಾಡುವುದು ಎನ್ನುವ ಭಯ. ಅದು ನನಗೆ ಅರ್ಥವಾಗ್ತದೆ. ಆದರೆ ಬರೆಯದಿದ್ದರೆ ನಷ್ಟ ಆಗದೆ ಇರ್ತದಾ? ಆಗುತ್ತದೆ, ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಗೊತ್ತಾಗುವುದು ಸಾಲದ ನೋಟೀಸು ಬಂದಾಗ, ಇಲ್ಲವೇ ಮಗನಿಗೆ ಸುಳ್ಳು ಹೇಳಿದ ಮೇಲೆ. ನಾನು ಮೂರು ಲಕ್ಷ ಎಂದದ್ದನ್ನು ನಂಬಿ ಅವನು ಕೆಲಸ ಬಿಟ್ಟು ಬಂದಿದ್ದರೆ?

ಇನ್ನೊಂದು ಸಂಗತಿ ಉಂಟು. ಸಭೆಗಳಲ್ಲಿ "ನಮಗೆ ಬೆಲೆ ಸಾಲುವುದಿಲ್ಲ, ಉತ್ಪಾದನಾ ವೆಚ್ಚ ಹೆಚ್ಚಾಗಿದೆ" ಎಂದು ಗಟ್ಟಿಯಾಗಿ ಹೇಳುವವರು ನಾವು. ನಿಮ್ಮ ವೆಚ್ಚ ಎಷ್ಟು ಎಂದು ತಿರುಗಿ ಕೇಳಿದರೆ? ದೆಹಲಿಯಲ್ಲಿ ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ 1965ರಲ್ಲೇ ಬೇರೆ ಹೆಸರಿನಲ್ಲಿ ಸುರುವಾದದ್ದು. ಅವರ ಲೆಕ್ಕದಲ್ಲಿ ಎ2 ಎಂದರೆ ಕೈಯಿಂದ ಕೊಟ್ಟ ಖರ್ಚು. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಇನ್ನೊಂದು ಲೆಕ್ಕ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಎಲ್ಲ ಸೇರಿಸಿದರೆ ಸಿ2. 2004ರಿಂದ 2006ರವರೆಗೆ ಸ್ವಾಮಿನಾಥನ್ ಅಧ್ಯಕ್ಷತೆಯ ರೈತ ಆಯೋಗ ವೆಚ್ಚದ ಮೇಲೆ ಶೇಕಡಾ 50 ಸೇರಿಸಿ ಬೆಂಬಲ ಬೆಲೆ ಕೊಡಬೇಕೆಂದಿತು. ಅಲ್ಲಿಂದ ಇಲ್ಲಿಯವರೆಗೂ ಜಗಳ ಇರುವುದು 'ಯಾವ ವೆಚ್ಚ' ಎನ್ನುವುದರ ಮೇಲೆಯೇ. ಸರಕಾರದ ಗುಮಾಸ್ತರೂ ಮನೆಯವರ ದುಡಿಮೆಗೆ ಒಂದು ಕಾಲಂ ಇಟ್ಟಿದ್ದಾರೆ, ನಮ್ಮ ಡೈರಿಯಲ್ಲಿ ಇಲ್ಲ!

ಅಡಿಕೆಗೆ ಆ ಬೆಂಬಲ ಬೆಲೆ ಇಲ್ಲ ಎಂದು ನೀವು ಹೇಳಬಹುದು. ಹೌದು. ನಮಗಿರುವ ತಡೆ ಆಮದಿನ ಕನಿಷ್ಠ ಬೆಲೆ. 2023ರ ಫೆಬ್ರವರಿಯಲ್ಲಿ ಕಿಲೋಗೆ 251 ಇದ್ದದ್ದನ್ನು 351 ಮಾಡಿದರು. ಅದಕ್ಕಿಂತ ಕಡಿಮೆಗೆ ಹೊರಗಿನ ಅಡಿಕೆ ತರಿಸುವ ಹಾಗಿಲ್ಲ. ಮುಂದೆ ಅದನ್ನು ಏರಿಸಿ ಎಂದು ಕೇಳಬೇಕಾದರೆ ಕಿಲೋಗೆ ಬೀಳುವ ಖರ್ಚು ಹೇಳಲೇಬೇಕು. ಪ್ರತಿ ಊರಿನಲ್ಲಿ ಹತ್ತು ಜನ ಮೂರು ವರ್ಷದ ಹಾಳೆ ಹಿಡಿದುಕೊಂಡು ಹೋದರೆ ಆ ಮಾತಿಗೆ ಬೇರೆಯೇ ತೂಕ.

ಪುಕ್ಕಟೆಯ ಬಗ್ಗೆ

ಪುಕ್ಕಟೆ ಅಂದ ಕೂಡಲೇ ನಮಗೆ ಸಂಶಯ ಬರಬೇಕು, ಬಂದದ್ದು ಒಳ್ಳೆಯದೇ. ಹಾಳೆ ಇರುವುದು ನಮ್ಮ ಮೊಬೈಲಿನಲ್ಲಿ ಅಲ್ಲ, ಆ ಕಂಪೆನಿಯ ಯಂತ್ರಗಳಲ್ಲಿ. ಮೊಬೈಲ್ ಕೆರೆಗೆ ಬಿದ್ದರೂ ಹಾಳೆ ಉಳಿಯುತ್ತದೆ, ಅದು ಲಾಭ. ಆದರೆ ಪಾಸ್‌ವರ್ಡ್ ಮರೆತರೆ ನಮ್ಮ ಲೆಕ್ಕಕ್ಕೆ ನಾವೇ ಹೊರಗಿನವರು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಆರ್‌ಟಿಸಿ, ಪಟ್ಟೆ ಇಡುವ ಪೆಟ್ಟಿಗೆಯಲ್ಲಿ ಇಡಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅವರು ಅಳಿಸುವ ನಿಯಮ 2023ರಲ್ಲಿ ತಂದಿದ್ದಾರೆ. ವರ್ಷಕ್ಕೊಮ್ಮೆ ಪತ್ತನಾಜೆಯ ವಾರ ಹಾಳೆಯನ್ನು ಎಕ್ಸೆಲ್ ರೂಪದಲ್ಲಿ ಇಳಿಸಿ ಬೇರೆ ಕಡೆ ಇಡುತ್ತೇನೆ, ಮೊತ್ತದ ಪುಟವನ್ನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ಡೈರಿಯೊಳಗೆ ಅಂಟಿಸುತ್ತೇನೆ.

ಬ್ಯಾಂಕ್ ಖಾತೆ ನಂಬ್ರ, ಆಧಾರ್ ನಂಬ್ರ, ಆಳುಗಳ ಫೋನ್ ನಂಬ್ರ ಇದರಲ್ಲಿ ಬರೆಯಬೇಡಿ. ಲೆಕ್ಕಕ್ಕೆ ಅದು ಬೇಕಾಗುವುದೂ ಇಲ್ಲ. ಹಂಚುವಾಗ ಇನ್ನೊಂದು ಗುಂಡಿ ಉಂಟು. ಲಿಂಕ್ ಇದ್ದ ಯಾರಿಗೂ ಕಾಣುವ ಹಾಗೆ ಮಾಡುವ ಆಯ್ಕೆ ಸುಲಭದ್ದು, ಆದರೆ ಆ ಲಿಂಕ್ ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋದರೆ ನಿಮ್ಮ ಆದಾಯ ಊರಿಗೇ ಗೊತ್ತು. ಬೇಕಾದವರ ಇಮೇಲ್ ವಿಳಾಸ ಕೊಟ್ಟು ಅವರಿಗೆ ಮಾತ್ರ ತೋರಿಸಬೇಕು. ಬರೀ ನೋಡಲಿಕ್ಕೆ ಕೊಡುವುದೋ, ತಿದ್ದಲಿಕ್ಕೂ ಕೊಡುವುದೋ ನೀವೇ ಆರಿಸಬಹುದು. ಯಾರಾದರೂ ತಿದ್ದಿ ಹಾಳು ಮಾಡಿದರೆ ಹಿಂದಿನ ದಿನದ ಹಾಳೆಗೆ ಮರಳುವ ದಾರಿಯೂ ಅದರಲ್ಲಿದೆ, ಡೈರಿಯಲ್ಲಿ ಇಲ್ಲದ ಸೌಕರ್ಯ.

ಕೃಷಿಗೆಂದೇ ಮಾಡಿದ ತಯಾರು ಆ್ಯಪ್‌ಗಳಿವೆಯಲ್ಲ ಎಂದು ಒಬ್ಬ ಯುವ ಕೃಷಿಕರು ಹೇಳಿದರು. ನಾನೂ ಒಂದನ್ನು ನೋಡಿದೆ. ಅದರಲ್ಲಿ ಬೆಳೆಯ ಪಟ್ಟಿಯಿಂದ ಒಂದನ್ನು ಆರಿಸಬೇಕು, ಒಂದು ತುಂಡಿಗೆ ಒಂದೇ ಬೆಳೆ. ನಮ್ಮ ತೋಟದಲ್ಲಿ ಅಡಿಕೆ ಮರದ ಮೇಲೆ ಮೆಣಸಿನ ಬಳ್ಳಿ, ಅಡಿಯಲ್ಲಿ ಕೊಕ್ಕೋ, ಬದಿಯಲ್ಲಿ ಬಾಳೆ. ಅದಕ್ಕೆ ಇದು ಹೇಗೆ ಅಂತ ಅರ್ಥವೇ ಆಗಲಿಲ್ಲ. ಖಾಲಿ ಹಾಳೆಯಾದರೆ ನಮ್ಮ ತೋಟ ಹೇಗೆ ಉಂಟೋ ಹಾಗೆಯೇ ಕಾಲಂ ಹಾಕಬಹುದು. ಆ್ಯಪ್ ಮಾಡಿದವರು ನಾಳೆ ಮುಚ್ಚಿದರೆ ನಮ್ಮ ಮೂರು ವರ್ಷದ ಲೆಕ್ಕ ಯಾರ ಹತ್ತಿರ ಕೇಳುವುದು? ಹಾಗಾಗಿ ಖಾಲಿ ಹಾಳೆಯೇ ನನ್ನ ಪಕ್ಷ. ಬೇರೆಯವರ ಅನುಭವ ಬೇರೆ ಇದ್ದೀತು.

ಒಂದು ಆಕ್ಷೇಪ ಮಾತ್ರ ನಾನು ಒಪ್ಪುತ್ತೇನೆ. ನೆರೆಮನೆಯ ಹಿರಿಯರು ಹೇಳಿದರು, "ಎಲ್ಲವನ್ನೂ ರೂಪಾಯಿಯಲ್ಲಿ ನೋಡಿದರೆ ತೋಟ ಅಂಗಡಿಯಾಗ್ತದೆ." ತೋಟದಿಂದ ಬಂದ ಬಾಳೆಕಾಯಿ, ತೆಂಗಿನಕಾಯಿ, ಹಾಳೆ, ಸೋಗೆ, ಹಟ್ಟಿಗೆ ಹುಲ್ಲು, ಸೌದೆ, ಇವು ನನ್ನ ಹಾಳೆಯಲ್ಲಿ ಇಲ್ಲ. ಬರೆಯಲಿಕ್ಕೆ ನೋಡಿದೆ, ದರ ಹಾಕಲಿಕ್ಕೆ ಮನಸ್ಸು ಬರಲಿಲ್ಲ. ತಂದೆಯವರು ನೆಟ್ಟ ಕೆಳಗಿನ ತೋಟಕ್ಕೆ 'ನಷ್ಟ 4,150' ಎಂದು ಬರೆದು ಮುಗಿಸಲಿಕ್ಕೂ ಆಗಲಿಲ್ಲ. ಹಾಗೆಂದು 19,600 ಸುಳ್ಳಾಗುವುದೂ ಇಲ್ಲ.

ಆ ತುಂಡಿನ ಬಗ್ಗೆ ಮನೆಯಲ್ಲಿ ಎರಡು ತಿಂಗಳು ಮಾತಾಯಿತು. ಹಾಳೆಯನ್ನು ಮಗನಿಗೂ ತೋರಿಸಿದೆ. ಮೂರು ಲಕ್ಷ ಎಂದದ್ದು ತಪ್ಪು ಎಂದೂ ಹೇಳಿದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. ಕೆಳಗಿನ ತುಂಡಿನಲ್ಲಿ ಯಾವ ಭಾಗದ ಕಣಿಗೆ ಹೆಚ್ಚು ಹೋಗುತ್ತದೆ ಎಂದು ಕೇಳಿದ. ಡೈರಿ ಮಗುಚಿ ನೋಡಿದೆವು. ತೋಡಿನ ಕರೆಯ 25 ಸೆಂಟ್ಸಿಗೇ ಹೆಚ್ಚು. ಅಲ್ಲಿಯ ಮರಗಳೂ ಸೊರಗಿದವೇ. 2025ರ ಮಳೆಗಾಲಕ್ಕೆ ಮೊದಲು ಆ 25 ಸೆಂಟ್ಸಿನ ಮರ ತೆಗೆದು ಹಸುವಿನ ಹುಲ್ಲು ಹಾಕಿದೆವು. ಉಳಿದ 45 ಸೆಂಟ್ಸ್ ಅಡಿಕೆ ಹಾಗೆಯೇ ಉಂಟು. ಮರ ಕಡಿಯುವ ದಿನ ನಾನು ಪೇಟೆಗೆ ಹೋಗಿದ್ದೆ, ಬೇಕೆಂದೇ.

ಮಗ ಇನ್ನೂ ಬಂದಿಲ್ಲ. ಬರುವುದಾದರೆ ಬೆಂಗಳೂರಿನ ಕೆಲಸದಲ್ಲಿ ಸ್ವಲ್ಪ ಮನೆಯಿಂದಲೇ ಮಾಡಬೇಕಾದೀತು ಎಂದು ಹಾಳೆಯಲ್ಲಿ ತಾನೇ ಒಂದು ಪುಟ ಸೇರಿಸಿ ಲೆಕ್ಕ ಹಾಕುತ್ತಿದ್ದಾನೆ. ಅದರಲ್ಲಿ ಅಪ್ಪ-ಅಮ್ಮನ ಅರ್ಧ ದಿನಕ್ಕೆ 300 ಎಂದೇ ಹಾಕಿದ್ದಾನೆ, ಇಬ್ಬರಿಗೂ.

ಹುಲ್ಲಿನ ತುಂಡು ಉಳಿಸಿತೋ ತಿಂದಿತೋ ಎನ್ನುವುದು ಮುಂದಿನ ಪತ್ತನಾಜೆಗೆ ಗೊತ್ತಾದೀತು. ನಿಮ್ಮಲ್ಲಿ ಯಾರಾದರೂ ಗದ್ದೆತೋಟದ ಕಣಿಯ ಖರ್ಚನ್ನು ಬೇರೆಯೇ ಬರೆದು ಇಟ್ಟಿದ್ದರೆ, ಎಷ್ಟು ಬರ್ತದೆ ಎಂದು ಪತ್ರಿಕೆಗೆ ಒಂದು ಕಾಗದ ಬರೆಯಿರಿ. ನನಗೆ ಹೋಲಿಸಿ ನೋಡಲಿಕ್ಕುಂಟು.